ನಾಯಿಯ ತಟ್ಟೆಗೆ ಸುತ್ತಿದ ನೀರು

ನಮ್ಮ ಮನೆಗೆ ನಾಯಿಗಳು ಬರತೊಡಗಿದ್ದು ಸೊಸೆಯ ಮೂಲಕ. ಬೀದಿಯಲ್ಲಿ ಗಾಯಗೊಂಡು ಬಿದ್ದ, ಅಥವಾ ಸಾಕಿದವರೇ ಬಿಟ್ಟುಹೋದ ನಾಯಿಗಳನ್ನು ಎತ್ತಿ ತಂದು, ಚಿಕಿತ್ಸೆ ಕೊಡಿಸಿ, ಯಾರಾದರೂ ಶಾಶ್ವತವಾಗಿ ಒಯ್ಯುವವರೆಗೆ ತಮ್ಮ ತಮ್ಮ ಮನೆಗಳಲ್ಲಿ ಇರಿಸಿಕೊಳ್ಳುವ ಸ್ವಯಂಸೇವಕರ ಚಿಕ್ಕ ಗುಂಪೊಂದಕ್ಕೆ ಅವಳು ಸೇರಿದ್ದಳು. ಆ ಗುಂಪಿಗೆ ತನ್ನದೆಂಬ ಕಟ್ಟಡವಿಲ್ಲ. ಸದಸ್ಯರ ಮನೆಗಳೇ ಆಶ್ರಯ. ಹೀಗೆ ತಾತ್ಕಾಲಿಕವಾಗಿ ಇಟ್ಟುಕೊಂಡು ಸಾಕುವುದಕ್ಕೆ ಅವರು ‘ಫಾಸ್ಟರ್’ ಎನ್ನುತ್ತಾರೆ.

ನಾನು ಬಾಲ್ಯದಲ್ಲಿ ಮೈಸೂರಿನ ವೇದ ಪಾಠಶಾಲೆಯಲ್ಲಿ ಓದಿದವನು. ಬಳಿಕ ವಿಮಾ ಕಚೇರಿಯ ಕೆಲಸ ನನ್ನನ್ನು ಚೆನ್ನೈಗೆ ಕರೆತಂದಿತು; ನಿವೃತ್ತನಾದ ಮೇಲೂ ನುಂಗಂಬಾಕ್ಕಂನ ಹಳೆಯ ಬೀದಿಯೊಂದರ ಎರಡನೆಯ ಮಹಡಿಯಲ್ಲಿಯೇ ಉಳಿದೆ. ಪ್ರಾತಃಸಂಧ್ಯೆ, ದೇವರ ಪೂಜೆ, ಮಧ್ಯಾಹ್ನದ ಊಟಕ್ಕೆ ಮೊದಲು ಪ್ರಾಣಿಪಕ್ಷಿಗಳ ಭಾಗವೆಂದು ಹೊರಗಿಡುವ ಒಂದು ಹಿಡಿ ಅನ್ನ, ಇವು ನನ್ನ ದಿನದ ಮೈಲಿಗಲ್ಲುಗಳು. ನಾಯಿಗೆ ಅನ್ನ ಇಡುವುದು ಶಾಸ್ತ್ರಕ್ಕೆ ಹೊಸದಲ್ಲ. ಆದರೆ ಆ ಭಾಗ ಇಡಬೇಕಾದದ್ದು ಹೊಸ್ತಿಲ ಹೊರಗೆ. ನಾಯಿಯೇ ಹೊಸ್ತಿಲ ಒಳಗೆ ಬಂದರೆ ಏನೆಂಬುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸೊಸೆ ಈ ಊರಿನಲ್ಲಿಯೇ ಮೂರು ತಲೆಮಾರಿನಿಂದ ನೆಲೆಸಿದ ಕನ್ನಡದ ಮನೆಯವಳು. ಅವಳ ಮಾತಿನಲ್ಲಿ ತಮಿಳು ಕೇಳದೆಯೇ ಒಳಗೆ ಬಂದು ಕುಳಿತುಕೊಳ್ಳುತ್ತದೆ.

“ಮಾವ, ಎರಡೇ ವಾರ. ಬಾಲ್ಕನಿ ದಾಟಿ ಒಳಗೆ ಬರಲ್ಲ, ಕಂಡಿಪ್ಪಾ, ಖಂಡಿತ” ಎಂದು ಅವಳು ಪ್ರತಿಸಲವೂ ಕೇಳುವಳು.

“ಹೋದ್ಸಲದ ಎರಡು ವಾರ ದೀಪಾವಳಿಯಿಂದ ಯುಗಾದಿವರೆಗೆ ಇತ್ತಲ್ಲಮ್ಮಾ” ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಉತ್ತರ ಕೊಡುವಳು. ಆದರೆ ಬೇಡವೆಂದು ಒಮ್ಮೆಯೂ ಹೇಳಿದವಳಲ್ಲ.

ನಾನು ಹೇಳಹೊರಟಿರುವುದು ಹಾಗೆ ಬಂದ ನಾಲ್ಕನೆಯ ನಾಯಿಯ ವಿಚಾರ. ಬೆಲ್ಲದ ಬಣ್ಣದ ಹೆಣ್ಣು ನಾಯಿ. ಒಂದು ಕಿವಿ ಮಡಿಸಿದಂತೆ ಬಿದ್ದಿತ್ತು. ಸೊಸೆಯ ಕಚೇರಿ ಇರುವ ಶೋಳಿಂಗನಲ್ಲೂರಿನ ರಸ್ತೆಯ ಬದಿಯಲ್ಲಿ, ಹಿಂಗಾಲು ಮುರಿದುಕೊಂಡು ಬಿದ್ದಿದ್ದಾಗ ಸಿಕ್ಕಿತ್ತಂತೆ. ಕಾಲು ಕೂಡಿದ ಮೇಲೆ ಅದನ್ನು ಒಬ್ಬರು ಒಯ್ದರು. ಸೋಫಾ ಕಚ್ಚಿ ಹರಿಯಿತೆಂದು ಹತ್ತು ದಿನಕ್ಕೆ ತಂದುಬಿಟ್ಟರು. ಮತ್ತೊಬ್ಬರು ಒಯ್ದರು, ಬಾಡಿಗೆಮನೆ ಬದಲಾಯಿಸಿದಾಗ ಹೊಸ ಮನೆಯ ಮಾಲೀಕ ಒಪ್ಪಲಿಲ್ಲವೆಂದು ಅವರೂ ಹಿಂದಿರುಗಿಸಿದರು. ಅದಾದ ಮೇಲೆ ನಮ್ಮಲ್ಲಿಗೆ ಬಂದದ್ದು.

“ಇನ್ನೊಂದ್ಸಲ ವಾಪಸ್ ಬಂದ್ರೆ ಇದನ್ನ ಊರಾಚೆ ಬೋರ್ಡಿಂಗಿಗೆ ಕಳಿಸ್ಬಿಡ್ತಾರೆ ಮಾವ” ಎಂದಳು ಸೊಸೆ. “ಫಾಸ್ಟರ್ ಮನೆಗಳು ಸಾಲ್ತಿಲ್ಲ. ಮೂರು ಸಲ ವಾಪಸ್ ಬಂದ ದೊಡ್ಡ ನಾಯೀನ ಆಮೇಲೆ ಯಾರೂ ಕೇಳಲ್ಲ. ಅಲ್ಲಿ ಕೇಜು, ಎರಡು ಹೊತ್ತು ಊಟ, ಅಷ್ಟೇ. ಸಾಯೋವರೆಗೂ.”

ಅವಳು ಬೆಳಿಗ್ಗೆ ಏಳಕ್ಕೆ ಕಚೇರಿಯ ಕ್ಯಾಬ್ ಹತ್ತಿದರೆ ಮರಳುವುದು ರಾತ್ರಿ ಎಂಟರ ಮೇಲೆ. ಶನಿವಾರ ಭಾನುವಾರಗಳು ಗುಂಪಿನ ಓಡಾಟಕ್ಕೆ ಮೀಸಲು. ಮಗನಿಗೆ ಬ್ಯಾಂಕಿನ ಕೆಲಸ, ಹೆಂಡತಿಗೆ ಮಡಿ. ಹೀಗಾಗಿ ನಾಯಿಯ ಎರಡು ಹೊತ್ತಿನ ಊಟ ತಾನಾಗಿಯೇ ನನ್ನ ಪಾಲಿಗೆ ಬಂತು.

ಆ ನಾಯಿಗೆ ತಿನ್ನಲು ಬರುತ್ತಿರಲಿಲ್ಲ ಎಂದರೆ ವಿಚಿತ್ರವೆನಿಸಬಹುದು. ತಟ್ಟೆ ನೆಲಕ್ಕೆ ತಾಗುವ ಮೊದಲೇ ಬಾಯಿ ಹಾಕಿ, ಅಗಿಯದೆ ನುಂಗಿ, ಕಾಲು ಗಂಟೆಯೊಳಗೆ ಅಷ್ಟನ್ನೂ ಕಾರಿಬಿಡುತ್ತಿತ್ತು. ತಟ್ಟೆಯ ಮುಂದೆ ಸ್ವಲ್ಪ ಹೊತ್ತು ಕಾಯುವುದನ್ನು ಕಲಿಸಿದರೆ ಸರಿಹೋಗುತ್ತದೆಂದು ಪಶುವೈದ್ಯರು ಹೇಳಿದರು. ಸೊಸೆ ನನಗೆ ವಿಧಾನವನ್ನು ತೋರಿಸಿಕೊಟ್ಟಳು. ನಾಯಿಯನ್ನು ಕೂರಿಸಬೇಕು, ಅಂಗೈ ಅಡ್ಡ ಹಿಡಿಯಬೇಕು, ಹತ್ತು ಎಣಿಸಬೇಕು, ಆಮೇಲೆ ‘ಓಕೆ’ ಎನ್ನಬೇಕು. ಆ ಮಾತು ಕೇಳಿದ ಮೇಲೆಯೇ ಅದು ತಿನ್ನಬೇಕು.

ನಾಯಿಯನ್ನು ಮತ್ತೆ ಮತ್ತೆ ಕೂರಿಸುತ್ತ ನಾನು ಅಂಗೈ ಹಿಡಿದೆ, ಹತ್ತು ಎಣಿಸಿದೆ. ಅಷ್ಟರಲ್ಲಿ ತಟ್ಟೆಗೆ ಇರುವೆ ಹತ್ತಿತು. ಚೆನ್ನೈಯ ಬಾಲ್ಕನಿಗಳಲ್ಲಿ ಇರುವೆಗಳಿಗೆ ಕೊರತೆಯಿಲ್ಲ. ಮರುದಿನ ಚೊಂಬಿನಲ್ಲಿ ನೀರು ತೆಗೆದುಕೊಂಡು ಹೋಗಿ, ಇರುವೆ ದಾಟದಿರಲೆಂದು ತಟ್ಟೆಯ ಸುತ್ತ ನೆಲದ ಮೇಲೆ ಒಂದು ಸುತ್ತು ನೀರೆರೆದೆ. ಕೈ ತಾನಾಗಿ ಬಲಕ್ಕೆ ಸುತ್ತಿತು. ಎಂಟನೆಯ ವಯಸ್ಸಿನಿಂದ ದಿನಕ್ಕೆರಡು ಬಾರಿ ಊಟದೆಲೆಯ ಸುತ್ತ ನೀರು ಸುತ್ತಿ ಪರಿಷೇಚನ ಮಾಡಿದ ಕೈ ಅದು. ಬೇರೆ ರೀತಿಯಲ್ಲಿ ಸುತ್ತಲು ಅದಕ್ಕೆ ಬರುವುದಿಲ್ಲ. ಕೈ ಸುತ್ತಿದರೆ ತುಟಿಗಳೂ ಆಡುತ್ತವೆ. ಹಗಲಿಗೆ ಹಗಲಿನ ಮಂತ್ರ, ಸಂಜೆಗೆ ಸಂಜೆಯ ಮಂತ್ರ. ನೀರಿನ ವರ್ತುಲ ಕೂಡಿಕೊಂಡಾಗ ಮಂತ್ರವೂ ಮುಗಿದಿತ್ತು. ನಾನು ಏನು ಮಾಡಿದೆನೆಂಬುದು ಆಗ ನನಗೆ ತಿಳಿಯಿತು. ನಾಯಿ ನನ್ನ ಮುಖ ನೋಡುತ್ತ ಕುಳಿತಿತ್ತು. ತುಟಿಗಳು ನಿಂತದ್ದೇ ತಡ, ತಲೆ ತಗ್ಗಿಸಿ ನಿಧಾನವಾಗಿ ತಿನ್ನತೊಡಗಿತು. ಅಂದು ಅದು ಕಾರಲಿಲ್ಲ.

ಊಟದ ಸಮಯದಲ್ಲಿ ನಾಯಿಯ ದೃಷ್ಟಿ ಬಿದ್ದರೆ ಎಲೆಯನ್ನು ಬಿಟ್ಟು ಏಳಬೇಕೆಂದು ಕಲಿತವನು ನಾಯಿಯ ಅನ್ನಕ್ಕೇ ಮಂತ್ರ ಹೇಳಿದ್ದೆ. ನಾಳೆಯಿಂದ ಬಾಯಿ ಮುಚ್ಚಿಕೊಂಡು ನೀರೆರೆಯುವೆನೆಂದು ನಿಶ್ಚಯಿಸಿದೆ. ಹಾಗೆಯೇ ಮಾಡಿಯೂ ನೋಡಿದೆ. ನೀರೆರೆದ ಮೇಲೆ ಓಕೆ ಎಂದರೂ ನಾಯಿ ತಿನ್ನದೆ ನನ್ನ ತುಟಿಗಳನ್ನೇ ನೋಡುತ್ತ ಕುಳಿತಿತ್ತು. ನಾನು ಒಳಗಿನ ದೇವರ ಕೋಣೆಯ ಕಡೆಗೊಮ್ಮೆ ನೋಡಿ, ಮಂತ್ರವನ್ನು ಹೇಳಿ ಮುಗಿಸಿದೆ. ಆಮೇಲೆ ಅದೇ ಕ್ರಮವಾಯಿತು. ಆರು ವಾರಗಳಲ್ಲಿ ಅದರ ಪಕ್ಕೆಗಳು ತುಂಬಿಕೊಂಡವು. ಯಾರಿಗೂ ನಾನು ಏನನ್ನೂ ಹೇಳಲಿಲ್ಲ.

ಅದನ್ನು ಒಯ್ಯಲು ಮುಂದೆ ಬಂದವರು ಪಲ್ಲಾವರಂನಲ್ಲಿ ಒಬ್ಬರೇ ವಾಸವಾಗಿರುವ ನಿವೃತ್ತ ನರ್ಸ್. ಕ್ರೈಸ್ತರು, ತಮಿಳರು. ಎರಡು ಸಲ ನಮ್ಮ ಮನೆಗೆ ಬಂದು ಬಾಲ್ಕನಿಯಲ್ಲಿ ನೆಲದ ಮೇಲೆಯೇ ಕುಳಿತರು. ಎರಡನೆಯ ಸಲ ನಾಯಿ ತಾನಾಗಿ ಹೋಗಿ ಅವರ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಇವರೇ ಆಗಬಹುದೆಂದು ಸೊಸೆ ನಿರ್ಧರಿಸಿದಳು. ಒಯ್ಯುವವರಿಗೆ ಗುಂಪಿನಿಂದ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ನಾಯಿಯ ಔಷಧ, ಭಯ, ಅಭ್ಯಾಸಗಳನ್ನೆಲ್ಲ ಬರೆದಿರಬೇಕು. ಸೊಸೆ ಲ್ಯಾಪ್‌ಟಾಪ್ ಮುಂದೆ ಕುಳಿತು ತುಂಬಿಸುತ್ತಿದ್ದಳು.

“ಮಾವ, ಊಟಕ್ಕೆ ಮುಂಚೆ ಓಕೆ ಅಂತಾನೇ ತಾನೇ ಹೇಳೋದು?”

ಹೆಂಡತಿ ಪಕ್ಕದಲ್ಲಿ ಹೂ ಕಟ್ಟುತ್ತಿದ್ದಳು. ನಾನು “ಹೂಂ” ಎಂದೆ.

ಗುಂಪಿನ ನಿಯಮದಂತೆ, ಕೊಟ್ಟ ಮೇಲೆ ಒಂದು ತಿಂಗಳು ಹಳೆಯ ಮನೆಯವರು ನಾಯಿಯ ಕಣ್ಣಿಗೆ ಬೀಳಕೂಡದು. ಹೊಸ ಮನೆಯನ್ನು ಅದು ತನ್ನದೆಂದುಕೊಳ್ಳುವುದಕ್ಕೆ ಆ ಅವಧಿ. ಭಾನುವಾರ ಬೆಳಿಗ್ಗೆ ಆ ನರ್ಸ್ ಬಂದು ಕರೆದೊಯ್ದರು. ನಾನು ಆಗ ಪೂಜೆಯಲ್ಲಿದ್ದೆ, ಎದ್ದು ಬರಲಿಲ್ಲ.

ಮೊದಲ ದಿನ ನಾಯಿ ಏನೂ ತಿನ್ನಲಿಲ್ಲವೆಂದು ಸಂದೇಶ ಬಂತು. “ಅದು ಸಾಮಾನ್ಯ, ಹೊಸ ಜಾಗ” ಎಂದಳು ಸೊಸೆ. ಎರಡನೆಯ ದಿನ ಬೆಳಿಗ್ಗೆಯೂ ತಿನ್ನಲಿಲ್ಲ. ನೀರನ್ನು ಮಾತ್ರ ಕುಡಿಯಿತು. ತಟ್ಟೆಯ ಮುಂದೆ ಸರಿಯಾಗಿ ಕೂರುತ್ತದೆ, ಓಕೆ ಎಂದು ಎಷ್ಟು ಹೇಳಿದರೂ ಮುಖವನ್ನೇ ನೋಡುತ್ತದೆ, ತಲೆ ತಗ್ಗಿಸುವುದಿಲ್ಲ ಎಂದು ಆಕೆ ಬರೆದಿದ್ದರು. ಕಚೇರಿಯಿಂದ ಸೊಸೆ ಅದನ್ನು ಅತ್ತೆಗೆ ಕಳಿಸಿದಳು. ಹೆಂಡತಿ ಓದಿ ಹೇಳಿ, “ಪಾಪ, ಅದಕ್ಕೆ ಮನೆ ನೆನಪಾಗಿರಬೇಕು” ಎಂದಳು.

ಆ ಮಧ್ಯಾಹ್ನ ನಾನು ಊಟಕ್ಕೆ ಕುಳಿತು ಎಲೆಗೆ ನೀರು ಸುತ್ತುತ್ತಿದ್ದಾಗ ಕೈ ಅರ್ಧಕ್ಕೆ ನಿಂತಿತು. ಮನೆಯ ನೆನಪಲ್ಲ, ಅದು ಅಪ್ಪಣೆಗಾಗಿ ಕಾಯುತ್ತಿದೆ. ಅಪ್ಪಣೆ ಯಾವುದೆಂದು ಬಲ್ಲವನು ನಾನೊಬ್ಬನೇ. ಹೆಂಡತಿ ಸಾರಿನ ಸೌಟು ಹಿಡಿದು ಎದುರಿಗೆ ನಿಂತಿದ್ದಳು. ನಾನು ಸುತ್ತನ್ನು ಪೂರ್ತಿಗೊಳಿಸಿ ಊಟ ಮಾಡಿದೆ. ರಾತ್ರಿ ಸೊಸೆ ಬಂದಾಗಲೂ ಹೇಳಲಿಲ್ಲ. ಹಸಿವು ಹೆಚ್ಚಿದರೆ ತಾನಾಗಿಯೇ ತಿನ್ನಬಹುದೆಂದು ನನಗೆ ನಾನೇ ಹೇಳಿಕೊಂಡೆ. ಈ ವಯಸ್ಸಿನಲ್ಲಿ, ವೇದ ಓದಿದವನೆಂದು ಬೀದಿಯವರೆಲ್ಲ ಕೈ ಮುಗಿಯುವಾಗ, ನಾಯಿಯ ತಟ್ಟೆಗೆ ಪರಿಷೇಚನ ಮಾಡುತ್ತಿದ್ದೆನೆಂದು ಬಾಯಿ ಬಿಟ್ಟು ಹೇಳಲಾಗಲಿಲ್ಲ. ಕಾರಣ ಅಷ್ಟೇ, ಅದಕ್ಕಿಂತ ಗೌರವದ ಕಾರಣವೊಂದು ಇದ್ದಿದ್ದರೆ ಬರೆಯುತ್ತಿದ್ದೆ.

ಮೂರನೆಯ ದಿನ ಸೊಸೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಆ ನರ್ಸ್‌ ಫೋನ್ ಮಾಡಿದರು. ಸೊಸೆ ಸ್ಪೀಕರಿಗೆ ಹಾಕಿದಳು. ಅವರ ತಮಿಳನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಡಾಕ್ಟರಿಗೆ ತೋರಿಸಿದೆ. ಜ್ವರ ಇಲ್ಲ, ಹಲ್ಲು, ಹೊಟ್ಟೆ ಎಲ್ಲ ಸರಿಯಾಗಿದೆ ಅಂದ್ರು. ನೋಡಮ್ಮಾ, ಊಟ ಬೇಡ ಅಂದ ಪೇಷಂಟುಗಳನ್ನ ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೀನಿ. ಮನೆಯಲ್ಲೂ ಅದನ್ನೇ ನೋಡೋ ಶಕ್ತಿ ನನಗಿಲ್ಲ. ನಾಳೆ ಬೆಳಿಗ್ಗೆವರೆಗೆ ತಿನ್ನದಿದ್ರೆ ಕರಕೊಂಡು ಹೋಗಿಬಿಡಿ.”

ಫೋನ್ ಇಟ್ಟ ಮೇಲೆ ಸೊಸೆ ಅಳಲಿಲ್ಲ. ಬೋರ್ಡಿಂಗಿನವರ ನಂಬರನ್ನು ಹುಡುಕತೊಡಗಿದಳು. ಅದನ್ನು ನೋಡಿದ ಮೇಲೆ ನಾನು ಮಾತನಾಡಿದೆ. ಚೊಂಬು, ಇರುವೆ, ನೀರು, ಮಂತ್ರ, ಎಲ್ಲವನ್ನೂ ಅನುಕ್ರಮವಾಗಿ ಹೇಳಿದೆ. ನಿನ್ನೆ ಊಟಕ್ಕೆ ಕುಳಿತಾಗ ತಿಳಿಯಿತೆಂಬುದನ್ನೂ ಹೇಳಿದೆ.

ಸೊಸೆ ಬಾಯಿ ತೆರೆದು ನನ್ನನ್ನೇ ನೋಡಿದಳು. “ಮಾವ! ನಾನು ಫಾರ್ಮಲ್ಲಿ ಓಕೆ ಅಂತ ಬರೆದಿದ್ದೀನಲ್ಲ!”

ನಾನು ಹೆಂಡತಿಯ ಕಡೆ ತಿರುಗಿದೆ. ಅವಳ ಮುಖ ಕೆಂಪಾಗಿತ್ತು.

“ಮಡಿ ಕೆಟ್ಟಿತು ಅಂತ ಬೈಯ್ತೀಯೇನೊ” ಎಂದೆ.

“ನಾಯಿಗೆ ಮಂತ್ರ ಹೇಳಿದ್ದಕ್ಕಲ್ಲ ರೀ ಬೈಯೋದು. ಇರುವೆಗೂ ಹೇಳ್ಕೊಳ್ಳಿ, ನನಗೇನು. ನೆನ್ನೆ ಗೊತ್ತಾದ ಮೇಲೂ ಸುಮ್ಮನೆ ಎರಡು ಸಲ ಸಾರು ಹಾಕಿಸ್ಕೊಂಡು ಊಟ ಮಾಡಿ ಎದ್ರಲ್ಲ, ಅದಕ್ಕೆ.”



ಸೊಸೆ ಕೂಡಲೇ ಪಲ್ಲಾವರಂಗೆ ಫೋನ್ ಮಾಡಿ, ತಟ್ಟೆಯ ಸುತ್ತ ನೀರು ಸುತ್ತಿ ನೋಡಿರೆಂದಳು. ಮಂತ್ರದ ವಿಷಯವನ್ನು ನಾನೇ ಹೇಳಬೇಡವೆಂದಿದ್ದೆ. ಅದು ಫೋನಿನಲ್ಲಿ ಕೊಡುವಂಥದ್ದಲ್ಲ, ಬೇರೊಂದು ಧರ್ಮದ ಮನೆಗೆ ಹೇರುವಂಥದ್ದೂ ಅಲ್ಲ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ನೀರು ಸುತ್ತಿದಾಗ ನಾಯಿ ಕಿವಿ ನಿಮಿರಿಸಿ ಎದ್ದು ಕುಳಿತುಕೊಂಡಿತು, ತಟ್ಟೆಯನ್ನೂ ನೋಡಿತು, ಆದರೆ ತಿನ್ನಲಿಲ್ಲ.

“ಆ ಅಜ್ಜ ಬಂದು ತೋರಿಸಿಕೊಡಲಿ” ಎಂದರಂತೆ ಆಕೆ.

“ತಿಂಗಳು ಮುಗಿಯೋವರೆಗೆ ನಾವು ಹೋಗಬಾರದು, ರೂಲ್ಸ್ ಇದೆ ಅಂದೆ ಮಾವ. ರೂಲ್ಸಿಗೆ ಹಸಿವಾಗಲ್ಲ, ನಾಯಿಗೆ ಆಗುತ್ತೆ ಅಂದ್ರು.” ಸೊಸೆಯೇ ತೀರ್ಮಾನಿಸಿದಳು. “ಹೋಗಿ ಬನ್ನಿ. ಆದ್ರೆ ಅದು ನಿಮ್ಮನ್ನ ನೋಡಬಾರದು. ನೋಡಿದ್ರೆ ಮುಗೀತು, ನಿಮ್ಮ ಕೈಯಿಂದ್ಲೇ ಬೇಕು ಅಂತ ಕೂತುಬಿಡತ್ತೆ. ವಾಸನೆ ಕೂಡ ಹಿಡಿಯತ್ತೆ. ಗೇಟಿಂದ ಈಚೆಗೇ ಇರಿ.”

ಅವಳಿಗೆ ಕಚೇರಿಯ ಮೀಟಿಂಗ್ ಇತ್ತು. ನಾನೊಬ್ಬನೇ ಹೊರಟೆ. ನುಂಗಂಬಾಕ್ಕಂ ನಿಲ್ದಾಣದಿಂದ ಪಲ್ಲಾವರಂಗೆ ನೇರವಾಗಿ ಲೋಕಲ್ ಟ್ರೇನ್ ಇದೆ. ಆ ವೇಳೆಯಲ್ಲಿ ಜನ ಹೆಚ್ಚಿರಲಿಲ್ಲ. ಕಡಲೆ ಸುಂಡಲು ಮಾರುವವನೊಬ್ಬ ಹತ್ತಿ ಇಳಿದ. ನಾನು ಬೆಳಗಿನಿಂದ ಏನನ್ನೂ ತಿಂದಿರಲಿಲ್ಲ. ಅದು ವ್ರತವೆಂದಲ್ಲ, ತಟ್ಟೆಯ ಮುಂದೆ ಕೂರಲು ಮನಸ್ಸಾಗಿರಲಿಲ್ಲ.

ಮನೆ ನಿಲ್ದಾಣದಿಂದ ದೂರವಿರಲಿಲ್ಲ. ತಗ್ಗಾದ ಕಾಂಪೌಂಡ್ ಗೋಡೆ, ಹಸಿರು ಗೇಟು, ಬಾಗಿಲ ಮೇಲೆ ಶಿಲುಬೆ. ಆಕೆ ಗೇಟಿನ ಬಳಿಯೇ ಕಾಯುತ್ತಿದ್ದರು. ನಾಯಿಯನ್ನು ಹಿಂದಿನ ಕೋಣೆಯಲ್ಲಿಟ್ಟು ಬಾಗಿಲು ಹಾಕಿದ್ದೇನೆ ಎಂದರು. ಕೈಯಲ್ಲಿ ಖಾಲಿ ಸ್ಟೀಲಿನ ತಟ್ಟೆ, ಒಂದು ಲೋಟ ನೀರು. ಗೇಟಿನ ಕಂಬದ ಮೇಲಿನ ಚಪ್ಪಟೆ ಜಾಗದಲ್ಲಿ ತಟ್ಟೆಯನ್ನಿಟ್ಟು, “ತೋರಿಸಿ ಸಾರ್” ಎಂದರು.

ನಾನು ಸುತ್ತಿ ತೋರಿಸಿದೆ. ಆಕೆ ಗಮನವಿಟ್ಟು ನೋಡಿದರು.

“ಎಷ್ಟು ನೀರು? ಐವತ್ತು ಎಂ.ಎಲ್. ಇರಬಹುದಾ?”

“ಅಳೆದಿಲ್ಲಮ್ಮಾ. ಧಾರೆ ತುಂಡಾಗಬಾರದು, ಅಷ್ಟೇ.”

“ನಾನು ಎಡಗೈಯವಳು.”

“ಬಲಗೈಯಲ್ಲಿ ಆಗುವುದಿಲ್ಲವೆ?”

“ಇಂಜೆಕ್ಷನ್ನೆಲ್ಲ ಬಲಗೈಯಲ್ಲೇ ಕೊಡ್ತಿದ್ದೆ. ಹೆಡ್ ನರ್ಸ್ ಬಿಡ್ತಿರಲಿಲ್ಲ. ಆಗುತ್ತೆ ಬಿಡಿ.” ಮೂರು ಸಲ ಸುತ್ತಿದರು. ಮೂರನೆಯದು ನನ್ನದಕ್ಕಿಂತ ಚೆನ್ನಾಗಿತ್ತು. “ಬೆಳಿಗ್ಗೆ ಹೀಗೇ ಮಾಡಿದೆ ಸಾರ್. ಆದರೂ ತಿನ್ನಲಿಲ್ಲ. ಇನ್ನೇನೋ ಇದೆ.”

ಇನ್ನೇನಿದೆಯೆಂದು ಹೇಳಿದೆ. ಸುತ್ತುವಾಗ ನನ್ನ ತುಟಿಗಳು ಸಣ್ಣ ದನಿಯಲ್ಲಿ ಆಡುತ್ತಿದ್ದವು. ಅವು ನಿಂತದ್ದೇ ನಾಯಿಗೆ ಅಪ್ಪಣೆ. ಏನು ಹೇಳುತ್ತಿದ್ದೆನೆಂದು ಆಕೆ ಕೇಳಿದರು. ನಮ್ಮ ಊಟದ ಮಂತ್ರವೆಂದೆ. ಅದನ್ನು ನಿಮಗೆ ಕಲಿಸಲು ನನಗೆ ಅಧಿಕಾರವಿಲ್ಲವೆಂದೂ ಹೇಳಿದೆ.

ಆಕೆ ನಕ್ಕುಬಿಟ್ಟರು. “ನಾಯಿಗೆ ಹೇಳಬಹುದು, ನನಗೆ ಹೇಳಬಾರದೋ?”

ನಾನು ತಲೆ ತಗ್ಗಿಸಿದೆ. ಆಕೆಯೇ ಮುಂದುವರಿಸಿದರು. “ಬೇಜಾರು ಮಾಡ್ಕೋಬೇಡಿ ಸಾರ್, ತಮಾಷೆಗೆ ಅಂದೆ. ಊಟಕ್ಕೆ ಮುಂಚೆ ನಮ್ಮಲ್ಲೂ ಜೆಬಂ ಇದೆ, ಸಣ್ಣ ಪ್ರಾರ್ಥನೆ. ಅದನ್ನ ಹೇಳ್ಲಾ? ಯೇಸುವಿನ ಹೆಸರು ಬರುತ್ತೆ.”

“ಹೇಳಿ. ತುಟಿ ಆಡುವುದು ಕಾಣಬೇಕು, ದನಿ ಮೆಲ್ಲಗಿರಬೇಕು. ನಾಯಿಯನ್ನು ನೋಡಬೇಡಿ, ನೀರನ್ನು ನೋಡಿ. ಸುತ್ತು ಮುಗಿಯುವುದಕ್ಕೂ ಮಾತು ಮುಗಿಯುವುದಕ್ಕೂ ಒಂದೇ ಸಮಯವಾಗಬೇಕು.”

ಹೆಸರು ಯಾವುದಾದರೇನು ಎಂಬಂಥ ದೊಡ್ಡ ಮಾತನ್ನು ನಾನು ಆಗ ಆಡಲಿಲ್ಲ; ಈಗಲೂ ಆಡುವುದಿಲ್ಲ. ನನ್ನ ಮಂತ್ರ ನನ್ನದು, ಆಕೆಯ ಪ್ರಾರ್ಥನೆ ಆಕೆಯದು. ನಾಯಿಗೆ ಎರಡರ ಅರ್ಥವೂ ಬೇಕಿರಲಿಲ್ಲ. ಒಬ್ಬರು ತನ್ನ ಅನ್ನದ ಮುಂದೆ ಅವಸರವಿಲ್ಲದೆ ನಿಂತು, ಮಾತು ಮುಗಿಸಿ ಸುಮ್ಮನಾದರು ಎಂಬ ಗುರುತು ಅದಕ್ಕೆ ಸಾಕಾಗಬಹುದೆಂದು ನನಗೆ ತೋರಿತು. ಸಾಕಾಗದಿದ್ದರೆ ನಾಳೆ ಬೆಳಿಗ್ಗೆ ಅದು ಊರಾಚೆಯ ಪಂಜರಕ್ಕೆ ಹೋಗುತ್ತಿತ್ತು.

ಅಷ್ಟರಲ್ಲಿ ಹಿಂದಿನ ಕೋಣೆಯ ಬಾಗಿಲನ್ನು ಕೆರೆಯುವ ಸದ್ದು ಕೇಳಿತು, ಜೊತೆಗೆ ಒಂದು ಸಣ್ಣ ಕುಂಯ್‌ಗುಟ್ಟುವಿಕೆ. ಗಾಳಿ ನನ್ನ ಕಡೆಯಿಂದ ಬೀಸುತ್ತಿತ್ತು. ಆಕೆ ರಸ್ತೆಯ ಆಚೆಯ ಬದಿಯನ್ನು ಬೆರಳಿನಿಂದ ತೋರಿಸಿದರು. ನಾನು ದಾಟಿ ಹೋಗಿ, ಇಸ್ತ್ರಿ ಮಾಡುವವರ ತಳ್ಳುಗಾಡಿಯ ಹಿಂದೆ ನಿಂತೆ. ಆಕೆ ನನ್ನ ಫೋನಿಗೆ ಕರೆ ಮಾಡಿ, ಕತ್ತರಿಸದೆ, ತಮ್ಮ ಫೋನನ್ನು ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು.

ಬಹಳ ಹೊತ್ತು ಫೋನಿನಲ್ಲಿ ಆಕೆಯ ಸೀರೆ ಉಜ್ಜುವ ಸದ್ದಷ್ಟೇ ಕೇಳಿಸಿತು. ಇಸ್ತ್ರಿಯವರು ನನ್ನನ್ನು ಒಮ್ಮೆ ನೋಡಿ, ಬಿಸಿಲೆಂದು ಸ್ವಲ್ಪ ಪಕ್ಕಕ್ಕೆ ಸರಿದು ನೆರಳು ಕೊಟ್ಟರು. ಬಾಗಿಲು ತೆರೆದ ಸದ್ದು. ಉಗುರುಗಳು ನೆಲದ ಮೇಲೆ ಓಡಿ ಬಂದ ಸದ್ದು. ಅದು ಮುಂಬಾಗಿಲವರೆಗೆ ಹೋಗಿ, ನಿಂತು, ಮರಳಿತು. “ಕೂತ್ಕೋ” ಎಂದರು ಆಕೆ. ತಟ್ಟೆಯಿಟ್ಟ ಸದ್ದು. ನೀರಿನ ಸದ್ದು ಫೋನಿನಲ್ಲಿ ಕೇಳಲಿಲ್ಲ. ಆಕೆಯ ದನಿ ಕೇಳಿತು, ತಮಿಳಿನಲ್ಲಿ, ಮೆಲ್ಲಗೆ, ಒಂದೇ ಉಸಿರಿನಲ್ಲಿ. ‘ಆಮೆನ್’ ಎಂದದ್ದು ಸ್ಪಷ್ಟವಾಗಿತ್ತು. ಆಮೇಲೆ ಏನೂ ಇಲ್ಲ. ಎಣಿಸತೊಡಗಿದೆ. ಹತ್ತಕ್ಕೆ ನಿಲ್ಲಲಿಲ್ಲ, ಇಪ್ಪತ್ತಕ್ಕೂ ನಿಲ್ಲಲಿಲ್ಲ.

ಆಕೆ ಮತ್ತೊಮ್ಮೆ ಹೇಳಿದರು. ಈ ಸಲ ಇನ್ನೂ ನಿಧಾನ. ಮುಗಿದ ಮೇಲೆ, ನೆಲದ ಮೇಲೆ ಸ್ಟೀಲಿನ ತಟ್ಟೆ ಸ್ವಲ್ಪ ಸರಿಯಿತು. ಮತ್ತೆ ಸರಿಯಿತು. ಮೂತಿಯ ತಳ್ಳುವಿಕೆಗೆ ತಟ್ಟೆ ಹೀಗೆ ಸರಿಯುವುದನ್ನು ಆರು ವಾರ ದಿನಕ್ಕೆರಡು ಬಾರಿ ಕೇಳಿದ ನನಗೆ ಬೇರೆ ಹೇಳಬೇಕಾಗಿರಲಿಲ್ಲ.

ಆಕೆ ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡು ಗೇಟಿಗೆ ಬಂದು, ಮುಕ್ಕಾಲು ಪಾಲು ತಿಂದಿತೆಂದು ಕೈಸನ್ನೆಯಲ್ಲಿ ಹೇಳಿದರು. ನಾನು ರಸ್ತೆಯ ನಡುವಿನವರೆಗೆ ಬಂದುಬಿಟ್ಟಿದ್ದೆ. ಕಿಟಕಿಯಿಂದ ಒಮ್ಮೆ ನೋಡಿ ಹೋಗಲೇ ಎಂದು ಕೇಳುವವನಿದ್ದೆ. ಕೇಳುವ ಮೊದಲೇ ಆಕೆ ಅಂಗೈ ಅಡ್ಡ ಹಿಡಿದರು.

“ಬೇಡ ಸಾರ್. ಈಗ ಬರಬೇಡಿ. ನನ್ನ ಕೈಯಿಂದ ತಿಂದಿದೆ, ಅದು ನಿಲ್ಲಬೇಕು.” ಆಮೇಲೆ ದನಿಯನ್ನು ತಗ್ಗಿಸಿ, “ಇನ್ನು ನಾಳೆ ಬಂದು ಕರಕೊಂಡು ಹೋಗೋದು ಬೇಡ ಅಂತ ಸೊಸೆಗೆ ಹೇಳಿ” ಎಂದರು.

ಗೇಟಿನ ಚಿಲಕ ಹಾಕಿಕೊಂಡು ಒಳಗೆ ಹೋದರು. ನಾನು ಸೊಸೆಗೆ ಫೋನ್ ಮಾಡಿ ಅಷ್ಟನ್ನು ಹೇಳಿ ನಿಲ್ದಾಣದ ಕಡೆ ನಡೆದೆ.

ತಿಂಗಳು ಕಳೆದು ಬಹಳ ದಿನಗಳಾದವು. ನಾಯಿ ಅಲ್ಲೇ ಇದೆ. ಈಗ ಹೋಗಿ ನೋಡಬಹುದು, ಆಕೆಯೂ ಎರಡು ಸಲ ಕರೆದಿದ್ದಾರೆ. ಸೊಸೆ ಹೋಗಿಬಂದಳು, ಹೆಂಡತಿ ಕೂಡ ಒಂದು ಸಲ ಅವಳ ಜೊತೆ ಹೋಗಿ, ನಾಯಿ ತೀರ ದಪ್ಪವಾಗಿದೆಯೆಂದು ದೂರಿಕೊಂಡು ಬಂದಳು. ನಾನು ಹೋಗಿಲ್ಲ. ನಾನು ಎದುರಿಗಿದ್ದರೆ, ತಟ್ಟೆ ಇಟ್ಟಾಗ ಅದು ಯಾರ ತುಟಿಗಳನ್ನು ನೋಡಬೇಕೆಂದು ತಿಳಿಯದೆ ಕುಳಿತೀತು. ಅಷ್ಟು ಹೊತ್ತು ಕೂಡ ಅದನ್ನು ಕಾಯಿಸುವುದು ನನಗೆ ಬೇಡವೆನಿಸುತ್ತದೆ.